ಅತ್ತೆ ಕಾಲಿನಲ್ಲಿ ಓದಿದ ಮನೆ ನಕ್ಷೆ

ನಮ್ಮ ಕಡೆಯ ಕೆರೆಗಳೆಲ್ಲ ಒಂದರ ಹಿಂದೆ ಒಂದು ಕೋಡಿ ಬಿದ್ದ ಆ ಮಳೆಗಾಲವನ್ನು ರಾಮನಗರ, ಕನಕಪುರದ ಜನ ಇನ್ನೂ ಮರೆತಿರಲಾರರು. ನಮ್ಮ ಹಳೆಯ ಮನೆಯ ಹಿಂದಿನ ಗೋಡೆ ನೀರು ಕುಡಿದು ಹೊಟ್ಟೆ ಬಿಟ್ಟಿದ್ದು ಆಗಲೇ. ಒಂದು ಮಧ್ಯಾಹ್ನ ಆ ಗೋಡೆಯ ದೊಡ್ಡದೊಂದು ಹೆಂಟೆ ಕಳಚಿ ಕೆಳಗೆ ಬಿತ್ತು. ದಿನಾ ನಮ್ಮ ಅತ್ತೆ ಕೂತು ಅವರೆಕಾಯಿ ಸುಲಿಯುವ ಜಾಗ ಅದು. ಪಕ್ಕದ ಮನೆಯವರು ಕರೆದರೆಂದು ಅದೇ ತಾನೇ ಎದ್ದು ಬಾಗಿಲಿಗೆ ಬಂದಿದ್ದರು, ಅದಕ್ಕೇ ಉಳಿದರು. ಅವತ್ತು ರಾತ್ರಿ ನಾನು ಮತ್ತು ನಮ್ಮ ಯಜಮಾನರು ತೀರ್ಮಾನ ಮಾಡಿದೆವು, ಏನೇ ಆಗಲಿ ಈ ಮನೆ ಕೆಡವಿ ಹೊಸದು ಕಟ್ಟಬೇಕು ಎಂದು.

ನಮ್ಮದು ಕನಕಪುರದಿಂದ ಕೋಡಿಹಳ್ಳಿ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರು. ಒಂದು ಪಂಚಾಯ್ತಿ ಆಫೀಸು, ಹಾಲಿನ ಡೇರಿ, ಎರಡು ಟೀ ಅಂಗಡಿ, ಅದರ ಪಕ್ಕ ನನ್ನ ಟೈಲರಿಂಗ್ ಅಂಗಡಿ, ಪೇಟೆ ಎಂದರೆ ಅಷ್ಟೇ. ನಾನು ರವಿಕೆ ಹೊಲಿಯುತ್ತೇನೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ಊರಲ್ಲಿ ಹೆಸರಿದೆ. ಯಜಮಾನರು ಮಹದೇವ ಹೊಲ ನೋಡಿಕೊಳ್ಳುತ್ತಾರೆ, ಮಾತು ಕಡಿಮೆ. ಮಗಳು ಮದುವೆಯಾಗಿ ಮಾಗಡಿಯಲ್ಲಿದ್ದಾಳೆ. ಮನೆಯಲ್ಲಿ ನಾವು ಮೂರೇ ಜನ.

ಅತ್ತೆ ಎಂದರೆ ನನಗೆ ಅಪ್ಪನ ಸ್ವಂತ ಅಕ್ಕ. ನಾನು ಲಂಗ ಹಾಕುವ ವಯಸ್ಸಿನಿಂದ ಕಂಡವರು. ಆಗ ಅವರಿಗೆ ಕಣ್ಣು ಚೆನ್ನಾಗಿಯೇ ಇತ್ತು. ಆಮೇಲೆ ಕಣ್ಣಿನ ಪ್ರೆಶರ್ ಅಂತ ಶುರುವಾಯಿತು, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ತಡವಾಗಿತ್ತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಪೂರ್ತಿ ಕಾಣದಂತಾಗಿ ಎಷ್ಟೋ ವರ್ಷವಾಗಿತ್ತು. ಆದರೆ ಮನೆಗೆ ಬಂದ ಹೊಸಬರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಕಂಬ ಮುಟ್ಟಿ, ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗಿ ಬಂದು ಒಲೆ ಮುಂದೆ ಕೂತರೆ, ನಾನು ಅಂಗಡಿಯಿಂದ ಊಟಕ್ಕೆ ಬರುವಷ್ಟರಲ್ಲಿ ಮುದ್ದೆ ಕಟ್ಟಿಟ್ಟಿರುತ್ತಿದ್ದರು. ಒಂದು ಗಂಟೂ ಇರುತ್ತಿರಲಿಲ್ಲ. ನನ್ನ ಮುದ್ದೆಯಲ್ಲಿ ಇರುತ್ತಿತ್ತು, ಅದನ್ನು ನೆಂಟರ ಮುಂದೆ ಹೇಳದೆ ಬಿಟ್ಟವರೂ ಅಲ್ಲ. ನನ್ನನ್ನು ಹೊಗಳಿದ್ದು ಮಾತ್ರ ನಾನು ಕೇಳಿರಲಿಲ್ಲ.

ಮನೆ ಖಾತೆ ಇದ್ದದ್ದು ಅತ್ತೆಯ ಹೆಸರಿನಲ್ಲಿ. ಕನಕಪುರದ ಒಬ್ಬ ಎಂಜಿನಿಯರ್ ಹತ್ತಿರ ನಕ್ಷೆ ಬರೆಸಿದೆವು. ನನ್ನದು ಒಂದೇ ಆಸೆ, ಹಾಲ್ ದೊಡ್ಡದಾಗಿರಬೇಕು. ಇಷ್ಟು ವರ್ಷ ಕಂಬಕ್ಕೆ ತಲೆ ಹೊಡೆಸಿಕೊಂಡು, ಇಕ್ಕಟ್ಟಿನ ನಡುಮನೆಯಲ್ಲಿ ಬಾಳಿದ್ದು ಸಾಕು, ನೆಂಟರು ಬಂದರೆ ಹತ್ತು ಜನ ಕೂರುವ ಹಾಗಿರಲಿ ಎಂದಿದ್ದೆ. ಅವರು ಹಾಗೆಯೇ ಬರೆದುಕೊಟ್ಟರು. ಮುಂದೆ ಅತ್ತೆಯ ರೂಮು, ನಡುವೆ ದೊಡ್ಡ ಹಾಲ್, ಹಿಂದೆ ಅಡುಗೆಮನೆ, ಬಚ್ಚಲು. ಇನ್ನು ಪಂಚಾಯ್ತಿಯಲ್ಲಿ ಲೈಸೆನ್ಸ್ ಆಗಬೇಕು, ಅದಕ್ಕೆ ಅರ್ಜಿಯ ಮೇಲೆ ಖಾತೆದಾರರ ಹೆಬ್ಬೆಟ್ಟು ಬೀಳಬೇಕು.

ಅತ್ತೆ ಹೆಬ್ಬೆಟ್ಟು ಕೊಡಲಿಲ್ಲ.

ಮೊದಲು ಈ ವರ್ಷ ದಿಕ್ಕು ಸರಿಯಿಲ್ಲ ಎಂದರು. ಐನೋರನ್ನು ಕೇಳಿ ದಿಕ್ಕು ಸರಿಯಿದೆ ಎಂದೆವು. ಆಮೇಲೆ, "ನಿಮ್ಮ ಮಾವ ಕಟ್ಟಿದ ಮನೆ" ಎಂದರು. ಆಮೇಲೆ, "ನಾನು ಸತ್ತಮ್ಯಾಲೆ ಕಟ್ಕಳಿ, ಎಷ್ಟ್ ದಿನ ಇದ್ದೇನು" ಎಂದರು. ಆ ಗೋಡೆ ಬಿದ್ದರೆ ಇವತ್ತೇ ಸಾಯುತ್ತೀರಿ ಎಂದು ನಾನೂ ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವರು ಮುಖ ತಿರುಗಿಸಿಕೊಂಡರು. ಯಜಮಾನರು ಎದ್ದು ಹೊಲಕ್ಕೆ ಹೋದರು. ಹೀಗೇ ರಾಗಿ ಕೊಯ್ಲೂ ಮುಗಿಯಿತು, ಒಕ್ಕಣೆಯೂ ಮುಗಿಯಿತು. ಇನ್ನೊಂದು ಮಳೆಗಾಲಕ್ಕೆ ಆ ಗೋಡೆ ನಿಲ್ಲುವುದಿಲ್ಲ ಎಂದು ಕಣ್ಣಿಗೆ ಕಾಣುತ್ತಿತ್ತು. ನಾನು ಅಂಗಡಿಯಲ್ಲಿ ಕೂತು ಮಿಷನ್ ತುಳಿಯುತ್ತಿದ್ದರೂ ಕಿವಿಯೆಲ್ಲ ಮನೆ ಕಡೆಗೇ ಇರುತ್ತಿತ್ತು.

ಒಂದು ದಿನ ಏನಾದರೂ ದಾರಿ ಉಂಟೇ ಎಂದು ಕೇಳಲು ಪಂಚಾಯ್ತಿಗೆ ಹೋದೆವು. ನಮ್ಮ ಪಕ್ಕದ ಮನೆಯ ಪುಟ್ಟಸಿದ್ದಣ್ಣನೂ ಜೊತೆಗೆ ಬಂದಿದ್ದ. ಊರಿನವರ ಕೆಲಸಕ್ಕೆಲ್ಲ ಮುಂದೆ ನಿಲ್ಲುವ ಮನುಷ್ಯ, ಆದರೆ ನಾಲಿಗೆಗೆ ಬೀಗ ಇಲ್ಲ. ನಮ್ಮ ಪಂಚಾಯ್ತಿಗೆ ಪಿಡಿಒ ಆಗಿ ಬಂದಿದ್ದವರು ಒಬ್ಬ ವಯಸ್ಸಿನ ಹುಡುಗಿ, ಚನ್ನಪಟ್ಟಣದ ದೊಡ್ಡಮಳೂರು ಕಡೆಯವರು. ದಿನಾ ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ನಾವೆಲ್ಲ ಮೇಡಮ್ ಎನ್ನುತ್ತಿದ್ದೆವು.

ನಾವು ಕಷ್ಟ ಹೇಳಿ ಮುಗಿಸುವ ಮೊದಲೇ ಪುಟ್ಟಸಿದ್ದಣ್ಣ, "ಅದಕ್ಯಾಕ್ ಇಷ್ಟೊಂದು ತಲೆ ಕೆಡುಸ್ಕತೀರಿ. ಪೆನ್ಷನ್ ಕಾಗ್ದ ಅಂತ ಹೇಳಿ ಒತ್ತುಸ್ಕಬುಡಿ. ಆಯಮ್ಮಂಗೆ ಏನ್ ಕಂಡದಾ" ಎಂದುಬಿಟ್ಟ.

ಮೇಡಮ್ ಪೆನ್ನು ಕೆಳಗಿಟ್ಟರು. "ಹಂಗೆ ತಂದ್ರೆ ನಾನು ಈ ಅರ್ಜಿ ಮುಟ್ಟಲ್ಲ ಅಣ್ಣ. ಅಮ್ಮ ಬಾಯಿಬಿಟ್ಟು ಹ್ಞೂ ಅನ್ಬೇಕು." ಆಮೇಲೆ ನನ್ನ ಕಡೆ ತಿರುಗಿ, "ಅವ್ರು ಯಾಕೆ ಬೇಡ ಅಂತಾರೆ?" ಎಂದರು.

"ಹಟ ಮೇಡಮ್" ಎಂದೆ ನಾನು.

"ಜಾಗ ನೋಡೋಕೆ ಹೆಂಗೂ ನಾನು ಬರ್ಲೇಬೇಕು. ನಾಳೆ ಬತ್ತೀನಿ, ನಾನೇ ಕೇಳ್ತೀನಿ ಬಿಡಿ."

ಮಾರನೆಯ ದಿನ ಬಂದರು. ಜಾಗ ನೋಡಿದರು, ಹಿಂದಿನ ಗೋಡೆ ನೋಡಿದರು, ಫೋಟೊ ತೆಗೆದುಕೊಂಡರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಅತ್ತೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. ಅತ್ತೆ ಎದ್ದು, ಕಂಬ ಮುಟ್ಟಿ, ಗೋಡೆ ಸವರಿ, ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಹನಿ ಚೆಲ್ಲದೆ ಅವರ ಕೈಗೇ ಕೊಟ್ಟರು. ಮೇಡಮ್ ಲೋಟ ಹಿಡಿದುಕೊಂಡು ಅತ್ತೆಯನ್ನೇ ನೋಡಿದರು.

"ಅಮ್ಮ, ಮಜ್ಜಿಗೆ ಎಲ್ಲಿದೆ ಅಂತ ಹೆಂಗೆ ಗೊತ್ತಾಯ್ತು?"

"ನನ್ ಮನೆಲಿ ನಂಗೆ ಗೊತ್ತಾಗ್ದೆ ಇನ್ನೇನ್ ಮಗ" ಎಂದು ಅತ್ತೆ ನಕ್ಕರು. ಆಮೇಲೆ ನಗು ನಿಲ್ಲಿಸಿ, ನಾನು ಅಡುಗೆಮನೆಯಲ್ಲಿ ಇದ್ದೇನೆಂದು ತಿಳಿದೋ ತಿಳಿಯದೆಯೋ, ತಗ್ಗಿದ ದನಿಯಲ್ಲಿ ಹೇಳಿದರು. "ಈ ಮನೆಲಿ ನಾನು ಕುರುಡಿ ಅಲ್ಲ ಕಣವ್ವ. ಕಂಬ ಐತೆ, ಗೋಡೆ ಐತೆ, ಅವು ನನ್ನ ಕರ್ಕೊಂಡ್ ಹೋಯ್ತವೆ. ಇದನ್ನ ಕೆಡವ್ಬುಟ್ರೆ ಅವತ್ತಿಂದ ನಾನು ಕುರುಡಿ ಆಯ್ತೀನಿ. ಒಂದ್ ಕಡೆ ಕೂರ್ಸುದ್ರೆ ಕೂತ್ಕಂಡಿರ್ಬೇಕು, ಬಚ್ಚಲಿಗೆ ಹೋಗ್ಬೇಕಾದ್ರೂ ಸೊಸೆ ಕೂಗ್ಬೇಕು. ಅದ್ಕಿಂತ ಈ ಗೋಡೆ ಮೈಮ್ಯಾಲೆ ಬಿದ್ರೆ ಬೀಳ್ಳಿ ಬುಡು."

ನನ್ನ ಕೈಯಲ್ಲಿದ್ದ ಪಾತ್ರೆ ಹಾಗೆಯೇ ನಿಂತಿತು. ಇಷ್ಟು ತಿಂಗಳು ದಿಕ್ಕು, ಮಾವ, ಸಾವು ಎಂದೆಲ್ಲ ಹೇಳಿದ ಅತ್ತೆ ಈ ಒಂದು ಮಾತನ್ನು ನಮಗೆ ಹೇಳಿರಲಿಲ್ಲ. ನಾಚಿಕೆ ಇರಬೇಕು. ಯಾರಿಗೂ ಕೈಯೊಡ್ಡದ ಹೆಂಗಸು, ಅಂಥದನ್ನು ಸೊಸೆಯ ಮುಂದೆ ಹೇಗೆ ಹೇಳುತ್ತಾರೆ.

ಮೇಡಮ್ ನಕ್ಷೆ ಬಿಚ್ಚಿ ಚಾಪೆಯ ಮೇಲೆ ಹರವಿದರು. ಅತ್ತೆಯ ಬೆರಳು ಹಿಡಿದು ಕಾಗದದ ಮೇಲಿಟ್ಟು, "ನೋಡಿ ಅಮ್ಮ, ಇದು ನಿಮ್ಮ ರೂಮು, ಇಲ್ಲಿಂದ ಹಾಲ್" ಎಂದು ಶುರು ಮಾಡಿದರು. ಅತ್ತೆ ಒಸಿ ಹೊತ್ತು ಸಹಿಸಿಕೊಂಡು ಕೈ ಎಳೆದುಕೊಂಡರು.

"ಕಾಗ್ದ ನಂಗ್ಯಾಕ್ ಮಗ, ಸವರುದ್ರೆ ಎಲ್ಲಾ ಒಂದೇ ನುಣುಪು. ಬರೆಂಗಿದ್ರೆ ನೆಲದ ಮ್ಯಾಲೆ ಬರಿ, ಕಾಲಲ್ಲಿ ಓದ್ತೀನಿ" ಎಂದು ಹಾಸ್ಯ ಮಾಡಿದರು.

ನಾನು ಹಾಸ್ಯ ಎಂದುಕೊಂಡೆ. ಯಜಮಾನರೂ ಹಾಗೇ ಅಂದುಕೊಂಡರು. ಆದರೆ ಮೇಡಮ್ ನಗಲಿಲ್ಲ. ನಕ್ಷೆ ಮಡಚುತ್ತಾ ನನ್ನನ್ನು ಕೇಳಿದರು, "ನಿಮ್ಮ ಕಣ ಖಾಲಿ ಇದೆಯಾ? ರಾಗಿ ಹುಲ್ಲು ಇದೆಯಾ?"

ಭಾನುವಾರ ರಜೆಯ ದಿನ ಆ ಹುಡುಗಿ ದೊಡ್ಡಮಳೂರಿನಿಂದ ನಮ್ಮೂರಿಗೆ ಬಂದಳು. ಮೇಡಮ್ ಎನ್ನಬೇಕು, ಆದರೆ ಅವತ್ತು ಚೂಡಿದಾರದ ವೇಲು ಸೊಂಟಕ್ಕೆ ಕಟ್ಟಿಕೊಂಡು ಕಣದಲ್ಲಿ ಓಡಾಡಿದ್ದನ್ನು ನೋಡಿದರೆ ನಮ್ಮ ಮಗಳ ಹಾಗೇ ಕಾಣುತ್ತಿದ್ದಳು. ಕೈಯಲ್ಲಿ ಟೇಪು, ನಕ್ಷೆ. ಯಜಮಾನರು, ಪುಟ್ಟಸಿದ್ದಣ್ಣ ಹಗ್ಗ ಹಿಡಿದರು. ನಾನೂ ಪುಟ್ಟಸಿದ್ದಣ್ಣನ ಹೆಂಡತಿ ಜಯಮ್ಮನೂ ಹುಲ್ಲಿನ ಹೊರೆ ಬಿಚ್ಚಿ, ಗೋಡೆ ಇರುವ ಕಡೆ ಉದ್ದಕ್ಕೆ ದಪ್ಪನಾಗಿ ಹಾಕುತ್ತಾ ಹೋದೆವು. ಬಾಗಿಲಿಗೆ ಸಂದು ಬಿಟ್ಟೆವು. ಕೈಗೆ ಏನಾದರೂ ಸಿಗಲೆಂದು ಗೋಡೆಗಳ ಉದ್ದಕ್ಕೂ ಗೂಟ ಹೊಡೆದು ಹಗ್ಗ ಬಿಗಿದೆವು. ನಕ್ಷೆಯಲ್ಲಿದ್ದ ಮನೆ ಅಷ್ಟಕ್ಕಷ್ಟೇ ಅಳತೆಯಲ್ಲಿ ಕಣದ ಮೇಲೆ ಮಲಗಿತು.

ಊರಿನವರು ಸುಮ್ಮನಿರುತ್ತಾರೆಯೇ. ಡೇರಿಗೆ ಹಾಲು ಹಾಕಿ ಬಂದವರೆಲ್ಲ ಕ್ಯಾನು ಹಿಡಿದುಕೊಂಡೇ ಬಂದು ನಿಂತರು. ಗೋಡೆ ಹುಲ್ಲಿನದಾಯಿತು, ಸಾಮಾನು ಎಲ್ಲಿ? ಮೇಡಮ್ ಜನರನ್ನೇ ಕರೆದು ನಿಲ್ಲಿಸಿದರು. ಜಯಮ್ಮ ಒಲೆಯಾದಳು. ನಮ್ಮ ಯಜಮಾನರು ನೀರಿನ ಹಂಡೆ. ಪುಟ್ಟಸಿದ್ದಣ್ಣ ಮುಂಬಾಗಿಲು.

ಅತ್ತೆ ಬಂದು ಅವನ ಎದೆ ಮುಟ್ಟಿ, "ಇದ್ಯಾವುದ್ಲಾ ಇದು" ಎಂದರು.

"ಬಾಗ್ಲು ಕಣಜ್ಜಿ. ತೇಗದ್ದು."

"ತೇಗುದ್ ಬಾಗ್ಲು ಬೀಡಿ ವಾಸ್ನೆ ಹೊಡಿತದೆ. ಪಕ್ಕುಕ್ ಸರಿ."

ಎಲ್ಲರೂ ನಕ್ಕರು. ಅತ್ತೆ ಒಳಗೆ ಬಂದರು. ತಮ್ಮ ರೂಮನ್ನು ಸುತ್ತಿ ನೋಡಿದರು, ಮಂಚ ಎಲ್ಲಿ ಎಂದು ಕೇಳಿದರು, ಕಿಟಕಿ ಯಾವ ಕಡೆ ಎಂದು ಕೇಳಿ, "ಬೆಳಗ್ಗೆ ಬಿಸ್ಲು ಬತ್ತದೆ, ಒಳ್ಳೇದಾಯ್ತು" ಎಂದರು. ನನಗೆ ಜೀವ ಬಂದಂತಾಯಿತು, ಒಪ್ಪಿಯೇ ಒಪ್ಪುತ್ತಾರೆ ಎಂದುಕೊಂಡೆ. ಆಮೇಲೆ ರೂಮಿನ ಬಾಗಿಲು ದಾಟಿ ನನ್ನ ಹಾಲಿಗೆ ಕಾಲಿಟ್ಟರು.

ನಾಲ್ಕು ಹೆಜ್ಜೆ ನೆಟ್ಟಗೆ ನಡೆದರು. ಕೈ ಮುಂದೆ ಚಾಚಿದರು, ಏನೂ ಸಿಗಲಿಲ್ಲ. ಬಲಕ್ಕೆ ಚಾಚಿದರು, ಏನೂ ಇಲ್ಲ. ಒಂದು ಸುತ್ತು ತಿರುಗಿದರು. ತಿರುಗಿದ ಮೇಲೆ ಯಾವ ಕಡೆಯಿಂದ ಬಂದೆ ಎನ್ನುವುದೂ ಮರೆಯಿತು. ಎರಡೂ ಕೈ ಗಾಳಿಯಲ್ಲಿ ಆಡಿಸುತ್ತಾ ಅಲ್ಲೇ ನಿಂತುಬಿಟ್ಟರು. ಒಲೆಯಾಗಿದ್ದ ಜಯಮ್ಮ ಹಿಂದೆ ಇದ್ದಳು, ಅತ್ತೆ ಹೊಲದ ಕಡೆ ಮುಖ ಮಾಡಿಕೊಂಡಿದ್ದರು. ಜನರ ನಗು ತಾನಾಗಿ ನಿಂತಿತು.

"ಸರೋಜಿ" ಎಂದರು.

ಕಣ್ಣು ಹೋದ ಮೇಲೆ ಇಷ್ಟು ವರ್ಷದಲ್ಲಿ ಅತ್ತೆ ನನ್ನನ್ನು ಬೈಯಲು ಕೂಗಿದ್ದಾರೆ, ಕೆಲಸ ಹೇಳಲು ಕೂಗಿದ್ದಾರೆ. ಆ ದನಿಯಲ್ಲಿ ಕೂಗಿರಲಿಲ್ಲ. ಮಕ್ಕಳು ಸಂತೆಯಲ್ಲಿ ತಪ್ಪಿಸಿಕೊಂಡಾಗ ಕೂಗುವ ದನಿ ಅದು. ಹುಲ್ಲಿನ ಗೋಡೆಗಳನ್ನೆಲ್ಲ ತುಳಿದುಕೊಂಡು ಓಡಿ ಹೋಗಿ ಅವರ ಕೈ ಹಿಡಿದುಕೊಂಡೆ. ಬೆರಳುಗಳು ತಣ್ಣಗಾಗಿದ್ದವು. "ಇದೇನ್ ಮಗ ಇದು, ಹಿಡ್ಕಳಕ್ಕೆ ಏನೂ ಇಲ್ವಲ್ಲ" ಎಂದರು.

ಮೇಡಮ್ ದೂರದಲ್ಲಿ ನಿಂತು ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನೇ. ಆ ಹಾಲಿನಲ್ಲಿ ಎಲ್ಲಿ ಸೋಫಾ, ಎಲ್ಲಿ ಟೀವಿ, ಕಿಟಕಿಗೆ ಯಾವ ಬಣ್ಣದ ಪರದೆ ಎಂದು ಮಿಷನ್ ತುಳಿಯುತ್ತಾ ಎಷ್ಟು ಸಲ ಲೆಕ್ಕ ಹಾಕಿದ್ದೆನೋ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ತಣ್ಣನೆಯ ಬೆರಳುಗಳು ನನ್ನ ಅಂಗೈಯಲ್ಲಿದ್ದವು.

"ಮೇಡಮ್, ಇಲ್ಲಿ ಒಂದು ಗೋಡೆ ಹಾಕಣ" ಎಂದೆ. "ಅತ್ತೆ ರೂಮಿನ ಬಾಗ್ಲಿಂದ ಸೀದಾ ಅಡುಗೆಮನೆ ತಂಕ. ಅಲ್ಲಿಂದ ಬಚ್ಚಲಿಗೆ. ಕೈ ಬಿಡ್ದೆ ಹೋಗಂಗೆ."

"ಹಾಲ್ ಅರ್ಧ ಆಯ್ತದೆ ಅಲ್ವಾ" ಎಂದರು ಯಜಮಾನರು, ಹಂಡೆಯ ಜಾಗದಿಂದಲೇ.

"ಆಗ್ಲಿ ಬುಡಿ. ಹತ್ ಜನದ್ ಬದ್ಲು ಐದ್ ಜನ ಕೂತ್ಕತಾರೆ."

ಇದ್ದ ಹುಲ್ಲೆಲ್ಲ ತಂದು ಆ ಗೋಡೆ ಹಾಕಿ, ಹಗ್ಗ ಬಿಗಿದೆವು. ಅತ್ತೆ ಮತ್ತೆ ತಮ್ಮ ರೂಮಿನಿಂದ ಶುರು ಮಾಡಿದರು. ಬಲಗೈ ಹಗ್ಗದ ಮೇಲೆ, ಕಾಲು ಹುಲ್ಲಿನ ಅಂಚಿನಲ್ಲಿ. ಸೀದಾ ಹೋಗಿ ಜಯಮ್ಮನ ತಲೆ ಮುಟ್ಟಿ, "ಒಲೆ" ಎಂದರು. ತಿರುಗಿಕೊಂಡು ಮಗನ ಹೊಟ್ಟೆ ಮುಟ್ಟಿ, "ಹಂಡೆ" ಎಂದರು. ವಾಪಸು ರೂಮಿಗೆ ಬಂದರು. ಇನ್ನೊಂದು ಸಲ ಹೋದರು. ಆ ಸಲ ಹಗ್ಗದಿಂದ ಕೈ ಸ್ವಲ್ಪ ಎತ್ತಿಕೊಂಡೇ ನಡೆದರು.

ಎಂಜಿನಿಯರ್‌ಗೆ ಈ ಗೋಡೆ ಹಿಡಿಸಲಿಲ್ಲ. "ಹಾಲ್ ನಡುವೆ ಗೋಡೆ ತಂದ್ರೆ ಲುಕ್ ಹಾಳಾಗುತ್ತೆ ಮೇಡಮ್" ಎಂದು ನನಗೆ ಹೇಳಿದರು. ಲುಕ್ ಬೇಡ, ಗೋಡೆ ಬರೆಯಿರಿ ಎಂದೆ. ಅವರು ನಕ್ಷೆ ತಿದ್ದಿ ಕೊಡಲು ಒಂದಿಷ್ಟು ದಿನ ಹಿಡಿಯಿತು. ಅಷ್ಟೂ ದಿನ ಅತ್ತೆ ಕಣದ ಹುಲ್ಲು, ಹಗ್ಗ ತೆಗೆಯಲು ಬಿಡಲಿಲ್ಲ. ಬೆಳಗ್ಗೆ ಬಿಸಿಲೇರುವ ಮುಂಚೆ ನಾನು ಅವರನ್ನು ಕಣಕ್ಕೆ ಬಿಟ್ಟು ಅಂಗಡಿಗೆ ಹೋಗುತ್ತಿದ್ದೆ. ಇನ್ನೂ ಕಟ್ಟದ ಮನೆಯೊಳಗೆ ಅವರು ಓಡಾಡುತ್ತಿದ್ದರು. ದಾರಿಯಲ್ಲಿ ಹೋಗುವ ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರಂತೆ, ಈ ಮುದುಕಿ ಖಾಲಿ ಕಣದಲ್ಲಿ ಏನು ಹುಡುಕುತ್ತಿದ್ದಾಳೆ ಎಂದು.

ಒಂದು ಬೆಳಗ್ಗೆ ಅಂಗಡಿಗೆ ಫೋನ್ ಬಂತು. ಜಯಮ್ಮನ ಫೋನಿನಿಂದ ಅತ್ತೆ. "ಸರೋಜಿ, ಅಡುಗೆಮನೆನ ಹಸ ತಿಂದ್ಬುಡ್ತು ಕಣೆ" ಎಂದರು. ನಾನು ಗಾಬರಿಯಾಗಿ ಏನೆಂದು ಕೇಳಿದರೆ, ಜಯಮ್ಮನ ಹಸು ಹಗ್ಗ ಬಿಚ್ಚಿಕೊಂಡು ಬಂದು ಹಿಂದಿನ ಗೋಡೆ, ಬಚ್ಚಲು ಎಲ್ಲ ಮೇದುಹಾಕಿತ್ತು. ಮಧ್ಯಾಹ್ನ ಬಂದು ಮತ್ತೆ ಅಡುಗೆಮನೆ ಕಟ್ಟಿಕೊಟ್ಟೆ. ಗಿರಾಕಿಗಳ ರವಿಕೆ ಅವತ್ತು ತಡವಾಯಿತು, ಯಾರೂ ಬೈಯಲಿಲ್ಲ. ಊರಿಗೆಲ್ಲ ಸುದ್ದಿಯಾಗಿತ್ತು.

ತಿದ್ದಿದ ನಕ್ಷೆ ಬಂದ ದಿನ ಮೇಡಮ್ ಅರ್ಜಿ, ಇಂಕ್ ಪ್ಯಾಡು ಹಿಡಿದು ಕಣಕ್ಕೇ ಬಂದರು. ಅತ್ತೆ ಒಲೆಯ ಜಾಗದಲ್ಲಿ ಕೂತಿದ್ದರು. ಮೇಡಮ್ ಅರ್ಜಿ ಪೂರ್ತಿ ಗಟ್ಟಿಯಾಗಿ ಓದಿ ಹೇಳಿದರು, "ಒಪ್ಪಿಗೆನಾ ಅಮ್ಮ?" ಎಂದು ಕೇಳಿದರು.

"ಆ ಮನೇನ ಕೆಡವೋವಾಗ ನಾನಿರ್ಬೇಕು" ಎಂದರು ಅತ್ತೆ. "ಆಮೇಲೆ ಕಟ್ಕಳಿ." ಹೆಬ್ಬೆಟ್ಟನ್ನು ತಾವೇ ಮುಂದೆ ಚಾಚಿದರು. ನನ್ನ ಗಂಡ ಮುಖ ಆ ಕಡೆ ಮಾಡಿಕೊಂಡು ನಿಂತಿದ್ದರು.

ಲೈಸೆನ್ಸ್ ಬೇಗನೇ ಕೈಗೆ ಬಂತು. ಮನೆ ಕೆಡವಿದ ದಿನ ಅತ್ತೆ ಜಯಮ್ಮನ ಜಗಲಿಯಲ್ಲಿ ಕೂತು ಕೇಳಿಸಿಕೊಂಡರು. ಕಂಬ ಉರುಳಿದ ಸದ್ದಾದಾಗ ಕೈ ಮುಗಿದರು, ಅತ್ತರು ಕೂಡ. ನಾನೂ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಬಯ್ಯುತ್ತಲೇ ಬಾಳಿದ ಮನೆಯಾದರೂ ನನಗೂ ಅದೇ ಮನೆ ತಾನೇ. ಹೊಸ ಮನೆ ಏಳುವವರೆಗೆ ಜಯಮ್ಮನ ಮನೆಯ ಮುಂದಿನ ಕೋಣೆಯಲ್ಲಿದ್ದೆವು.

ಗೃಹಪ್ರವೇಶಕ್ಕೆ ಮೇಡಮ್ ಬಂದರು. ಅಷ್ಟರಲ್ಲಿ ಅವರಿಗೆ ಮರಳವಾಡಿ ಕಡೆಗೆ ವರ್ಗವಾಗಿತ್ತು. ಊರಿನವರು, ನೆಂಟರು, ಮಾಗಡಿಯಿಂದ ಮಗಳು ಅಳಿಯ, ಎಲ್ಲ ಸೇರಿ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಹಾಲು ಉಕ್ಕಿಸಿ ಪೂಜೆ ಮುಗಿದ ಮೇಲೆ ಮೇಡಮ್ ಬಂದದ್ದು. ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೆ ಹೋಗುವಷ್ಟರಲ್ಲಿ ಅತ್ತೆ ಮೇಡಮ್ ದನಿಯ ಗುರುತು ಹಿಡಿದು ಎದ್ದು ಬಂದಿದ್ದರು.

ಮನೆಗೆ ಹೊಸಬರು ಬಂದರೆ ಮನೆಯವರು ಎಲ್ಲ ಕೋಣೆ ಸುತ್ತಿಸಿ ತೋರಿಸುವುದು ನಮ್ಮಲ್ಲಿ ವಾಡಿಕೆ. ಬೆಳಗ್ಗೆಯಿಂದ ಬಂದವರಿಗೆಲ್ಲ ನಾನೇ ತೋರಿಸುತ್ತಿದ್ದೆ. ಅತ್ತೆ ಮೇಡಮ್ ಅವರ ಮಣಿಕಟ್ಟು ಹಿಡಿದುಕೊಂಡು, "ಬಾ ಮಗ, ಮನೆ ತೋರುಸ್ತೀನಿ" ಎಂದರು.

ಜನ ದಾರಿ ಬಿಟ್ಟರು. ನಾನು ತಟ್ಟೆ ಹಿಡಿದುಕೊಂಡು ಹಿಂದೆ ಹಿಂದೆ ಹೋದೆ. "ಇದು ನನ್ ರೂಮು. ಕಿಟಕಿ ನೋಡು, ಬಿಸ್ಲು ಬತ್ತದೆ." ಮೇಡಮ್ ಹ್ಞೂ ಅಮ್ಮ ಎಂದರು. ಅಲ್ಲಿಂದ ಹೊರಗೆ ಬಂದು ಅತ್ತೆ ಬಲಗೈಯನ್ನು ಆ ಗೋಡೆಯ ಮೇಲಿಟ್ಟರು. ಹೊಸ ಬಣ್ಣದ ಮೇಲೆ ಅಂಗೈಯನ್ನು ಮೆಲ್ಲಗೆ ಸವರಿದರು, ನಿಂತರು.

"ಇದು ನನ್ ಸೊಸೆ ಹಾಕ್ಸುದ್ ಗೋಡೆ" ಎಂದರು. "ಅವಳ ಆಸೆ ಕಡ್ದು ಹಾಕುಸ್ದಳು. ಕಣ್ಣಿದ್ದೋಳು ಅವಳೊಬ್ಳೇ ನೋಡು ಈ ಮನೆಲಿ."

ನಾನು ಅಲ್ಲೇ ಹಿಂದಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅನ್ನುತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ನಾನು ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು, ನೆಂಟರ ಚಪ್ಪಲಿಗಳನ್ನು ದಾಟಿಕೊಂಡು, ಹಿತ್ತಿಲಿಗೆ ಹೋಗಿ ಮನಸಾರೆ ಅತ್ತು ಬಂದೆ.

ಈಗ ಆ ಗೋಡೆಯ ಮೇಲೆ, ಅತ್ತೆಯ ಸೊಂಟಕ್ಕಿಂತ ಮೇಲೆ, ಅಂಗೈ ಓಡಾಡಿದ ಕಡೆ ಉದ್ದಕ್ಕೂ ಒಂದು ಕಪ್ಪು ಪಟ್ಟೆ ಬಿದ್ದಿದೆ. ಹೋದ ಗೌರಿ ಹಬ್ಬಕ್ಕೆ ಬಣ್ಣ ಹೊಡೆಯಲು ಬಂದವನು ಇದನ್ನು ಉಜ್ಜಿ ಹೊಡೆಯಲೇ ಅಕ್ಕ ಎಂದು ಕೇಳಿದ. ಬೇಡ, ಮಿಕ್ಕಿದ್ದು ಹೊಡೆದು ಅದೊಂದನ್ನು ಬಿಡು ಎಂದೆ. ಅತ್ತೆ ಅಡುಗೆಮನೆಯಲ್ಲಿ ಕೂತು, ಬಣ್ಣದ ವಾಸನೆಗೆ ಊಟ ಸೇರುವುದಿಲ್ಲ ಎಂದು ನನ್ನನ್ನು ಬೈಯುತ್ತಿದ್ದರು.